ಅನ್ನ ಬಿಟ್ಟ ಐದು ತಿಂಗಳು

ನಮ್ಮ ನೆಂಟರ ಬಳಗದಲ್ಲಿ ನನಗೊಂದು ವಿಶೇಷ ಬೇಡಿಕೆ ಇತ್ತು. ಯಾರ ಮನೆಯಲ್ಲಿ ಶ್ರಾದ್ಧವಿರಲಿ, ಸತ್ಯನಾರಾಯಣ ಪೂಜೆಯಿರಲಿ, ಮಡಿ ಅಡುಗೆಗೆ ನನ್ನನ್ನು ಹದಿನೈದು ದಿನ ಮೊದಲೇ ಹೇಳಿಟ್ಟುಕೊಳ್ಳುತ್ತಿದ್ದರು. ನನ್ನ ಕೈರುಚಿ ಅಷ್ಟು ದೊಡ್ಡದೆಂದಲ್ಲ. ನನ್ನ ಸಾರು ಸಾಧಾರಣ, ಪಾಯಸ ಒಮ್ಮೊಮ್ಮೆ ತಳ ಹಿಡಿಯುತ್ತದೆ. ಕಾರಣ ಇಷ್ಟೇ: ನಾನು ಹೊರಗಾಗುತ್ತಿರಲಿಲ್ಲ. ಮಿಕ್ಕ ಹೆಂಗಸರು ತಿಂಗಳಿಗೆ ಮೂರು ದಿನ ಮುಟ್ಟಾಗಿ, ದೇವರ ಮನೆಗೂ ಅಡುಗೆಮನೆಗೂ ದೂರ ಕೂರುವವರು. ಹಬ್ಬ ಹತ್ತಿರ ಬಂದರೆ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗಿ, ಮುಟ್ಟನ್ನು ಮುಂದೂಡಿ, ತಲೆನೋವು ಬರಿಸಿಕೊಂಡು ಹೋಳಿಗೆ ತಟ್ಟುವವರು. ನನಗೆ ಆ ತಾಪತ್ರಯವೇ ಇರಲಿಲ್ಲ. ತಿಂಗಳುಗಟ್ಟಲೆ ಏನೂ ಬರುತ್ತಿರಲಿಲ್ಲ.

ಬನಶಂಕರಿಯಿಂದ ಅತ್ತೆಯ ತಂಗಿ ಫೋನ್ ಮಾಡಿ "ನಿನ್ನ ಸೊಸೇನ ಒಂದಿನ ಕಳಿಸ್ಕೊಡೇ" ಎಂದರೆ ಅತ್ತೆ ಹಿಂದುಮುಂದು ನೋಡುತ್ತಿರಲಿಲ್ಲ.

"ಅವಳಿಗೇನು, ಯಾವಾಗ್ಲೂ ಇರ್ತಾಳೆ. ಕರ್ಕೊಂಡು ಹೋಗು."

ಹೊಸ ಗ್ರೈಂಡರ್ ಕೊಂಡವರ ದನಿಯಲ್ಲಿ ಇರುವಂಥ ಹೆಮ್ಮೆ ಅದರಲ್ಲಿ ಇರುತ್ತಿತ್ತು. ಕೇಳಿಸಿಕೊಂಡು ನಾನೂ ಒಳಗೊಳಗೇ ಉಬ್ಬುತ್ತಿದ್ದೆ, ಸುಳ್ಳೇಕೆ ಹೇಳಲಿ.

ಇದು ಕಾಯಿಲೆ ಎಂದು ಗೊತ್ತಿರಲಿಲ್ಲವೆಂದಲ್ಲ. ಕಾಲೇಜಿಗೆ ಹೋಗುತ್ತಿದ್ದಾಗಲೇ ಸ್ಕ್ಯಾನ್ ಮಾಡಿಸಿ ಪಿಸಿಓಎಸ್ ಎಂದಿದ್ದರು. ತಿಂಗಳಿಗೊಮ್ಮೆ ಮಾಡಬೇಕಾದ ಕೆಲಸವನ್ನು ಅಂಡಾಶಯ ನಾಳೆ ನಾಳೆ ಎಂದು ಮುಂದೆ ಹಾಕುತ್ತಾ ಹೋಗುವ ಕಾಯಿಲೆ. ಅದರ ಜೊತೆಗೆ ಬರುವುದೆಲ್ಲ ನನಗೂ ಬಂದಿತ್ತು. ಗಲ್ಲದ ಮೇಲೆ ಕೂದಲು, ಕತ್ತಿನ ಹಿಂದೆ ಕಪ್ಪು ಪಟ್ಟಿ, ಎಷ್ಟು ನಡೆದರೂ ಇಳಿಯದ ತೂಕ. ಮದುವೆಯಾಗಿ ಜಯನಗರದ ಈ ಮನೆಗೆ ಬಂದಾಗ ಎಪ್ಪತ್ತು ಕೇಜಿ ಇದ್ದವಳು ಹನ್ನೊಂದು ವರ್ಷದಲ್ಲಿ ತೊಂಬತ್ತು ದಾಟಿದ್ದೆ. ಮಕ್ಕಳಾಗಲಿಲ್ಲ. ಅದು ಬೇರೆಯದೇ ದುಃಖ, ಅದನ್ನು ಇಲ್ಲಿ ಬಿಚ್ಚಿಕೊಂಡು ಕೂರುವುದಿಲ್ಲ.

ತಾನಾಗಿ ಬಾರದ ಮುಟ್ಟನ್ನು ತರಿಸುವುದಕ್ಕೂ ಮಾತ್ರೆಯಿದೆ. ಹತ್ತು ದಿನ ನುಂಗಿ ನಿಲ್ಲಿಸಿದರೆ ನಾಲ್ಕೈದು ದಿನದಲ್ಲಿ ಆಗುತ್ತದೆ. ಮೂರು ತಿಂಗಳು ಏನೂ ಆಗದಿದ್ದರೆ ತಪ್ಪದೆ ತೆಗೆದುಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ನಾನು ತೆಗೆದುಕೊಳ್ಳುತ್ತಿದ್ದೆ. ಆದರೆ ಯಾವಾಗ ಎನ್ನುವುದನ್ನು ತೀರ್ಮಾನ ಮಾಡುತ್ತಿದ್ದುದು ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರು. ಅತ್ತೆ ಕನ್ನಡಕ ಏರಿಸಿಕೊಂಡು ಅದರ ಮುಂದೆ ನಿಲ್ಲುವರು, ನಾನು ಪಕ್ಕದಲ್ಲಿ.

"ಶ್ರಾವಣ ಬೇಡ, ವರಮಹಾಲಕ್ಷ್ಮಿ ಇದೆ. ಭಾದ್ರಪದದಲ್ಲಿ ಗೌರಿ, ಅದಾದ್ಮೇಲೆ ಪಿತೃಪಕ್ಷ. ಆಮೇಲೆ ನವರಾತ್ರಿ ಬಂದೇಬಿಡ್ತು. ದೀಪಾವಳಿ ಕಳೀಲಿ, ನೋಡೋಣ."

ದೀಪಾವಳಿ ಕಳೆಯಿತು. ತುಳಸಿ ಪೂಜೆ ಬಂತು. ಅದು ಮುಗಿಯುವಷ್ಟರಲ್ಲಿ ಹುಳಿಮಾವಿನಲ್ಲಿ ನೆಂಟರೊಬ್ಬರ ಗೃಹಪ್ರವೇಶ, ಅದಕ್ಕೂ ನನ್ನನ್ನು ಹೇಳಿಟ್ಟುಕೊಂಡಿದ್ದರು. ಅತ್ತೆ ಬಲವಂತ ಮಾಡಿದರು ಎಂದರೆ ತಪ್ಪಾಗುತ್ತದೆ. ಅವರಿಗೆ ಮುಟ್ಟು ನಿಂತು ಎಷ್ಟೋ ವರ್ಷಗಳಾಗಿದ್ದರೂ ಎರಡು ಮಂಡಿಯೂ ಸವೆದು, ಹತ್ತು ನಿಮಿಷಕ್ಕಿಂತ ಹೆಚ್ಚು ಒಲೆಯ ಮುಂದೆ ನಿಲ್ಲಲಾರರು. ಇನ್ನು ನಾನು ಬನಶಂಕರಿಯ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು, ಬುದ್ಧಿಯಿಲ್ಲದವಳಲ್ಲ. ಆದರೂ ಆ ಕ್ಯಾಲೆಂಡರಿನ ಮುಂದೆ ನಿಂತಾಗ ತಲೆಯಾಡಿಸುತ್ತಿದ್ದೆ. ದಪ್ಪಗಿದ್ದೇನೆ, ಮಕ್ಕಳಿಲ್ಲ, ಆದರೆ ನಾನಿಲ್ಲದೆ ಯಾರ ಮನೆಯ ಶುಭವೂ ಅಶುಭವೂ ನಡೆಯುವುದಿಲ್ಲ ಎಂಬ ಜಂಬ ನನ್ನನ್ನು ಹಾಗೆ ಮಾಡಿಸುತ್ತಿತ್ತು.

ಡಿಸೆಂಬರಿನಲ್ಲಿ ಒಂದು ವಾರ ಸುಮ್ಮನೆ ಚೂರುಚೂರು ಕಲೆ ಕಾಣಿಸಿಕೊಂಡಿತು. ಮುಟ್ಟೂ ಅಲ್ಲ, ಅಲ್ಲದೆಯೂ ಅಲ್ಲ. ಮನೆಗೆ ಹತ್ತಿರದ ಲೇಡಿ ಡಾಕ್ಟರ ಬಳಿ ಹೋದೆ. ಅವರು ಸ್ಕ್ಯಾನ್ ನೋಡಿ, ಕಾಗದ ಪಕ್ಕಕ್ಕಿಟ್ಟು ಕೇಳಿದರು.

"ಲಾಸ್ಟ್ ಯಾವಾಗ ಆಗಿತ್ತು?"

"ರಾಮನವಮಿ ಆದ್ಮೇಲೆ."

"ಈಗ ಡಿಸೆಂಬರ್. ಮಾತ್ರೆ ತಗೊಂಡಿಲ್ವಾ?"

"ಹಬ್ಬಗಳಿದ್ವು ಡಾಕ್ಟ್ರೇ."

ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ.

"ನಮ್ಮನೇಲೂ ಹಬ್ಬ ಮಾಡ್ತೀವಿ. ಆದ್ರೆ ಗರ್ಭಕೋಶದ ಒಳಗಿನ ಪದರ ಹಬ್ಬ ನೋಡ್ಕೊಂಡು ಬೆಳೆಯಲ್ಲ. ತಿಂಗಳು ತಿಂಗಳು ಅದು ಕಳಚಿ ಹೋಗ್ಬೇಕು. ಹೋಗದೆ ಹಾಗೇ ದಪ್ಪ ಆಗ್ತಾ ಇದ್ರೆ ಒಂದಲ್ಲ ಒಂದು ದಿನ ಅದು ಕ್ಯಾನ್ಸರ್ ಆಗೋ ಸಾಧ್ಯತೆ ಇರುತ್ತೆ. ನಿಮ್ದು ದಪ್ಪ ಆಗಿದೆ. ಒಂದು ಚೂರು ತೆಗೆದು ಟೆಸ್ಟಿಗೆ ಕಳಿಸ್ತೀನಿ."

ರಿಪೋರ್ಟು ಬರಲು ಹತ್ತು ದಿನ. ಆ ಹತ್ತು ದಿನ ನನಗಾದ ಭಯವನ್ನು ಬಣ್ಣಿಸಲಾರೆ. ಪಾಠ ಮಾಡಿದೆ, ಪೇಪರು ತಿದ್ದಿದೆ, ಮನೆಗೆ ಬಂದು ಬಟ್ಟೆ ಮಡಿಸಿದೆ. ಮನೆಯಲ್ಲಿ ವಿಷಯ ಹೇಳಿದ್ದೆ. ನಮ್ಮವರು ನಾನು ಕೇಳದಿದ್ದರೂ ದಿನಾ ಕಾಲೇಜಿನ ಗೇಟಿನವರೆಗೆ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಅತ್ತೆ ದೇವರ ಮನೆಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದರು, ಅಷ್ಟೇ.

ಕೆಟ್ಟದ್ದೇನೂ ಇಲ್ಲ ಎಂದು ರಿಪೋರ್ಟು ಬಂತು. ಡಾಕ್ಟರು ಮೊದಲು ಮಾತ್ರೆ ಕೊಟ್ಟು ಮುಟ್ಟು ತರಿಸಿದರು. ಆಮೇಲೆ ಕೂರಿಸಿ ಹೇಳಿದರು. ತೂಕ ಇಳಿದು, ದೇಹದಲ್ಲಿ ಇನ್ಸುಲಿನ್ ಹತೋಟಿಗೆ ಬಂದರೆ ಕೆಲವರಿಗೆ ಅಂಡಾಶಯ ತಾನಾಗಿಯೇ ಕೆಲಸ ಶುರು ಮಾಡುತ್ತದಂತೆ. ಅನ್ನ, ಚಪಾತಿ, ಸಕ್ಕರೆ ಬಿಟ್ಟು ಕೊಬ್ಬಿನ ಮೇಲೆ ನಡೆಯುವ ಕೀಟೋ ಊಟವನ್ನು ಆರು ತಿಂಗಳು, ಡಯಟೀಷಿಯನ್ ಹೇಳಿದ ಹಾಗೆ, ಮಾಡಿ ನೋಡಬಹುದಂತೆ.

"ಎಲ್ಲರಿಗೂ ಇದು ಆಗಿಬರಲ್ಲ. ಗ್ಯಾರಂಟಿ ನಾನು ಕೊಡಲ್ಲ. ಕಿಡ್ನಿ, ಲಿವರ್, ಕೊಲೆಸ್ಟ್ರಾಲ್ ನೋಡ್ಕೊಂಡು ಶುರು ಮಾಡೋಣ, ಮಧ್ಯೆ ಮಧ್ಯೆ ನೋಡ್ತಿರೋಣ. ಮೂರು ತಿಂಗಳಿಗೆ ತಾನಾಗೇ ಬರ್ಲಿಲ್ವಾ, ಮಾತ್ರೆ. ಕ್ಯಾಲೆಂಡರ್ ನೋಡೋ ಹಾಗಿಲ್ಲ. ಆರು ತಿಂಗಳಾದ್ರೂ ಬರ್ಲಿಲ್ಲ ಅಂದ್ರೆ ಗರ್ಭಕೋಶದೊಳಗೆ ಹಾರ್ಮೋನಿನ ಸಾಧನ ಇಟ್ಬಿಡೋಣ. ಅದೂ ಒಳ್ಳೇ ದಾರಿನೇ."

ಅದೂ ಒಳ್ಳೆಯ ದಾರಿಯೇ ಎಂದು ಈಗ ನನಗೆ ಗೊತ್ತು. ಆಗ ಮಾತ್ರ ಮನಸ್ಸು ಒಂದೇ ಹಟ ಹಿಡಿಯಿತು. ಮಾತ್ರೆ ನುಂಗದೆ, ಯಾರೂ ತರಿಸದೆ, ಒಂದು ಸಲವಾದರೂ ತಾನಾಗಿ ಬರಬೇಕು. ನನ್ನ ಮೈ ನನ್ನ ಮಾತು ಕೇಳುತ್ತದೆಂದು ನನಗೆ ಗೊತ್ತಾಗಬೇಕಿತ್ತು. ನಾನು ಹುಟ್ಟಾ ಹಟಮಾರಿ. ಹಿಡಿದ ಹಟಕ್ಕೆ ನನ್ನ ತಾಯಿ "ಇವಳದು ಮೊಲಕ್ಕೆ ಮೂರೇ ಕಾಲು" ಎಂದು ಹೇಳಿ ಹೇಳಿ ಸೋತಿದ್ದರು.

ಅತ್ತೆಗೆ ಹೇಳಿದಾಗ ಅವರು ಗಾಬರಿಯಾಗುತ್ತಾರೆಂದುಕೊಂಡಿದ್ದೆ.

"ಅನ್ನ ತಿನ್ನಬಾರದಂತೆ ಅತ್ತೆ. ಆರು ತಿಂಗಳು."

"ಸಂಕ್ರಾಂತಿ ಕಳೀಲಿ, ಎಳ್ಳು ಬೀರಿ ಮುಗಿಸೋಣ. ಆಮೇಲೆ ಬಿಡು," ಎಂದರು ಸಲೀಸಾಗಿ.

ಆ ಸಲೀಸಿನ ಗುಟ್ಟು ಸಂಕ್ರಾಂತಿಯ ಮಾರನೆಯ ದಿನ ತಿಳಿಯಿತು. ನನ್ನ ತಟ್ಟೆಯಲ್ಲಿ ಒಗ್ಗರಣೆ ಅವಲಕ್ಕಿ, ಮೇಲೆ ಕಾಯಿತುರಿ, ಪಕ್ಕದಲ್ಲಿ ಬಾಳೆಹಣ್ಣು, ಒಂದು ಲೋಟ ಸಕ್ಕರೆ ಹಾಕಿದ ಹಾಲು. ನಮ್ಮ ಮನೆಯಲ್ಲಿ ಅನ್ನ ಬಿಡುವುದು ಹೊಸದೇನಲ್ಲ. ಏಕಾದಶಿಗೆ ಬಿಡುತ್ತಾರೆ, ಶನಿವಾರ ರಾತ್ರಿ ಬಿಡುತ್ತಾರೆ. ಬಿಟ್ಟ ದಿನ ಫಲಾಹಾರ: ಅವಲಕ್ಕಿ, ಉಪ್ಪಿಟ್ಟು, ರವೆರೊಟ್ಟಿ. ಡಾಕ್ಟರು ನನಗೆ ಆರು ತಿಂಗಳ ಏಕಾದಶಿ ಬರೆದುಕೊಟ್ಟಿದ್ದಾರೆಂದು ಅತ್ತೆ ತಿಳಿದಿದ್ದರು.

"ಅವಲಕ್ಕೀನೂ ಅಕ್ಕಿನೇ ಅತ್ತೆ."

"ಕುಟ್ಟಿದ ಅಕ್ಕಿ ಕಣೇ. ಬೇಯಿಸಿದ್ದಲ್ವಲ್ಲ."

"ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ."

"ಹಾಗಾದ್ರೆ ನಾವು ಇಷ್ಟು ವರ್ಷ ಏಕಾದಶಿ ಮಾಡಿದ್ದು ದಂಡಾನಾ?"

ಇದಕ್ಕೆ ಉತ್ತರ ಕೊಟ್ಟರೆ ಮನೆಯಲ್ಲಿ ಯುದ್ಧವಾಗುತ್ತದೆಂದು ಅವಲಕ್ಕಿಗೆ ಕೈ ಹಾಕಿದೆ. ಆ ವಾರವೆಲ್ಲ ಹೀಗೇ ನಡೆಯಿತು. ಮಂಗಳವಾರ ಸಬ್ಬಕ್ಕಿ ಉಪ್ಪಿಟ್ಟು, ಬುಧವಾರ ರವೆರೊಟ್ಟಿ. ಕೊನೆಗೆ ನಾನು ಒಂದು ಉಪಾಯ ಮಾಡಿದೆ. ದೇಹ ಕೊಬ್ಬನ್ನು ಉರಿಸಲು ಶುರು ಮಾಡಿದರೆ ಮೂತ್ರದಲ್ಲಿ ಕೀಟೋನ್ ಬರುತ್ತದೆ. ಅದನ್ನು ತೋರಿಸುವ ಕಾಗದದ ಪಟ್ಟಿಗಳು ಸಿಗುತ್ತವೆ, ಕೀಟೋನ್ ಇದ್ದರೆ ನೇರಳೆ ಬಣ್ಣಕ್ಕೆ ತಿರುಗುತ್ತವೆ. ವರ್ಷ ವರ್ಷವೂ ಬೋರ್ಡಿನ ಮೇಲೆ ಕೀಟೋನಿನ ರಚನೆ ಬರೆದು ಹುಡುಗರಿಂದ ಬಾಯಿಪಾಠ ಮಾಡಿಸಿದವಳು ನಾನು. ಈಗ ಅದು ನನ್ನೊಳಗಿಂದ ಬರಲಿ ಎಂದು ಬಚ್ಚಲುಮನೆಯಲ್ಲಿ ಕಾಯುತ್ತಿದ್ದೆ. ಬಣ್ಣ ತಿರುಗದ ಪಟ್ಟಿಯನ್ನು ದೂರದಿಂದಲೇ ಅತ್ತೆಗೆ ತೋರಿಸಿ, "ನೋಡಿ, ಅವಲಕ್ಕಿ ಒಪ್ಪಿಕೊಂಡಿಲ್ಲ," ಎಂದೆ.

ಅವರು ಕಾಗದದ ಪಟ್ಟಿಯನ್ನೂ ನನ್ನನ್ನೂ ನೋಡಿದರು. ಮಾರನೆಯ ದಿನದಿಂದ ಅವಲಕ್ಕಿ ನಿಂತಿತು. ಅಷ್ಟೇ ಅಲ್ಲ, ದಿನಾ ಬೆಳಿಗ್ಗೆ ಕಾಫಿ ಸೋಸುತ್ತಾ "ಬಣ್ಣ ಬಂತಾ?" ಎಂದು ಕೇಳುವುದು ಅವರ ಅಭ್ಯಾಸವಾಯಿತು.

ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಕೀಟೋ ಮಾಡುವುದು ಹುಡುಗಾಟವಲ್ಲ. ಬೇಳೆ ಇಲ್ಲ, ಆಲೂಗಡ್ಡೆ ಇಲ್ಲ, ಹಣ್ಣು ಇಲ್ಲ. ಪನೀರು, ಬಾದಾಮಿ, ಗಟ್ಟಿ ಮೊಸರು, ತೆಂಗಿನಕಾಯಿ, ಸೊಪ್ಪು, ಸೀಮೆಬದನೆ, ಬೂದುಗುಂಬಳ. ಕಡಲೆಬೇಳೆ ಬಿಟ್ಟು, ಬರೀ ಕಾಯಿ ರುಬ್ಬಿ ಹಾಕಿದ ಮಜ್ಜಿಗೆಹುಳಿ ನನ್ನ ಪಾಲಿಗೆ ದೇವರಾಯಿತು. ಎಲ್ಲಕ್ಕೂ ಮೇಲೆ ತುಪ್ಪ. ಡಾಕ್ಟರು ತುಪ್ಪ ತಿನ್ನಲು ಹೇಳಿದ್ದಾರೆಂಬುದನ್ನು ಅತ್ತೆ ನಾಲ್ಕು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಅವರ ಕೈ ತಡೆಯುವವರೇ ಇಲ್ಲ. ಪಲ್ಯಕ್ಕೆ ಮಾತ್ರ ಬೆಲ್ಲ ಹಾಕದೆ ಅವರ ಕೈ ನಿಲ್ಲದು. "ಒಂದು ಚೂರು ಬೆಲ್ಲ ಸಿಹಿನೇನೇ?" ಎಂದು ವಾದ. ನನ್ನ ಪಾಲನ್ನು ಮೊದಲೇ ಬೇರೆ ತೆಗೆದಿಡುವ ಒಪ್ಪಂದಕ್ಕೆ ಬರಲು ಒಂದು ತಿಂಗಳು ಹಿಡಿಯಿತು.

ಒಂದು ದಿನ ಹೂಕೋಸನ್ನು ತುರಿದು, ಹಬೆಯಲ್ಲಿ ಬೇಯಿಸಿ, ಅನ್ನದ ಹಾಗೆ ಬಡಿಸಿಕೊಂಡೆ. ಅತ್ತೆ ಎರಡು ಕಾಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ನುಂಗಿದರು.

"ಚೆನ್ನಾಗಿದೆ. ಆದ್ರೆ ಇದನ್ನ ಅನ್ನ ಅನ್ಬೇಡ. ಅನ್ನಕ್ಕೆ ಬೇಜಾರಾಗುತ್ತೆ."

ಮೊದಲ ಹತ್ತು ದಿನ ನರಕ. ತಲೆ ಸಿಡಿಯುತ್ತಿತ್ತು, ಮೀನಖಂಡ ಸೆಳೆಯುತ್ತಿತ್ತು, ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ಮುಂದಿನ ಸಾಲು ಮರೆತು ನಿಂತೆ. ಉಪ್ಪು ಹಾಕಿದ ನೀರು ಮಜ್ಜಿಗೆ ಕುಡಿಯಿರಿ ಎಂದು ಡಯಟೀಷಿಯನ್ ಹೇಳಿದ ಮೇಲೆ ಹದಕ್ಕೆ ಬಂದೆ. ಸ್ಟಾಫ್ ರೂಮಿನಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಒಬ್ಬರು ರಾಗಿ ಅಂಬಲಿ ಎಂದರು, ಒಬ್ಬರು ಮೆಂತ್ಯದ ನೀರು, ಇನ್ನೊಬ್ಬರು ಯಾಕ್ರೀ ಮೇಡಂ ಇದೆಲ್ಲ, ಗುಂಡುಗುಂಡಾಗೇ ಚೆನ್ನಾಗಿದೀರಲ್ಲ ಎಂದರು. ನನಗೆ ಮೊದಲೇ ಮುಂಗೋಪ, ಹಸಿದಾಗ ಕೇಳುವುದೇ ಬೇಡ. ಅವರ ಟಿಫಿನ್ ಡಬ್ಬಿಯ ಚಿತ್ರಾನ್ನ ನೋಡುತ್ತಾ ಅವರನ್ನು ಮನಸಾರೆ ಶಪಿಸಿದೆ. ಆ ವಾಸನೆಗೆ ಕಣ್ಣಲ್ಲಿ ನೀರು ಬಂದದ್ದೂ ನಿಜ.

ಯುಗಾದಿಗೆ ನಲವತ್ತು ಹೋಳಿಗೆ ತಟ್ಟಿ ಒಂದನ್ನೂ ತಿನ್ನಲಿಲ್ಲ. ಬೇವುಬೆಲ್ಲದಲ್ಲಿ ಬೇವನ್ನಷ್ಟೇ ಆರಿಸಿ ಬಾಯಿಗಿಟ್ಟೆ. ಅತ್ತೆ ಬಂದು ಸಾಸಿವೆಯಷ್ಟು ಬೆಲ್ಲವನ್ನು ನನ್ನ ನಾಲಗೆಯ ಮೇಲಿಟ್ಟು, "ವರ್ಷವೆಲ್ಲ ಬರೀ ಕಹಿ ಆಗೋದು ಬೇಡ," ಎಂದರು. ಸಾಸಿವೆಯಷ್ಟು ಬೆಲ್ಲ ನನಗೆ ಅರ್ಧ ಗಂಟೆ ರುಚಿ ಕೊಟ್ಟಿತು.

ತೂಕ ಇಳಿಯಿತು. ಮೊದಲು ಬೇಗ, ಆಮೇಲೆ ಆಮೆಯ ಹಾಗೆ. ಮೂರು ತಿಂಗಳಿಗೆ ಏಳು ಕೇಜಿ. ಚೂಡಿದಾರಗಳು ಜೋಲಾಡತೊಡಗಿದವು, ಕತ್ತಿನ ಕಪ್ಪು ತಿಳಿಯಾಯಿತು. ರಸ್ತೆಯ ಕೊನೆಯ ಮನೆಯ ಆಂಟಿ ತರಕಾರಿ ಗಾಡಿಯ ಹತ್ತಿರ ನಿಲ್ಲಿಸಿ, "ಏನಮ್ಮಾ, ಅರ್ಧ ಆಗ್ಬಿಟ್ಟಿದೀಯಲ್ಲ, ಏನು ಮಾಡ್ದೆ?" ಎಂದು ಕೇಳಿದರು. ನಾನು ನಕ್ಕೆ. ನನಗೆ ಬೇಕಾಗಿದ್ದು ಅದಾಗಿರಲಿಲ್ಲ. ಏಪ್ರಿಲ್ ಕೊನೆಗೆ ಮೂರು ತಿಂಗಳು ತುಂಬಿತು, ಮುಟ್ಟಿನ ಸುಳಿವಿಲ್ಲ. ಮಾತು ಕೊಟ್ಟ ಹಾಗೆ ಹತ್ತು ದಿನ ಮಾತ್ರೆ ನುಂಗಿದೆ. ಮಾತ್ರೆ ತರಿಸಿದ ಮುಟ್ಟು ಬಂದಾಗ ಬಚ್ಚಲಿನಲ್ಲಿ ಕೂತು ಅತ್ತುಬಿಟ್ಟೆ. ತಿನ್ನದೆ ಬಿಟ್ಟ ಒಂದೊಂದು ತುತ್ತೂ ನೆನಪಾಯಿತು.

ಸಂಜೆ ಪಾರ್ಕಿನಲ್ಲಿ ನಡೆಯುವಾಗ ನಮ್ಮವರಿಗೆ ಹೇಳಿದೆ.

"ಬಿಟ್ಬಿಡ್ತೀನಿ ರೀ. ಕೂದಲು ಬೇರೆ ಉದುರ್ತಿದೆ. ಏನೂ ಆಗ್ಲಿಲ್ಲ."

ಅವರು ಮಾತಿನಲ್ಲಿ ಬಡವರು. ಒಂದು ಸುತ್ತು ಮುಗಿಸಿ, "ಡಾಕ್ಟ್ರು ಆರು ತಿಂಗಳು ಅಂದಿದ್ದಲ್ವಾ. ಇನ್ನು ಸ್ವಲ್ಪ ದಿನ. ನಾನೂ ರಾತ್ರಿ ಅನ್ನ ಬಿಡ್ತೀನಿ, ಜೊತೆಗೆ," ಎಂದರು. ಬಿಟ್ಟರು ಕೂಡ. ಅನ್ನ ಬಿಟ್ಟು ಐದು ಚಪಾತಿ ತಿಂದು ಎರಡು ಕೇಜಿ ಹೆಚ್ಚಾದರು. ಆ ತೂಕವನ್ನು ನೋಡಿ ನಾನು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕೆ. ಆ ನಗುವಿನಲ್ಲೇ ಮುಂದುವರಿಸಿದೆ.

ನಮ್ಮ ಮಾವನವರ ತಿಥಿ ಜ್ಯೇಷ್ಠ ಮಾಸದಲ್ಲಿ, ಇಂಗ್ಲಿಷ್ ಲೆಕ್ಕಕ್ಕೆ ಜೂನಿನಲ್ಲಿ ಬರುತ್ತದೆ. ಅವರು ಹೋಗಿ ಎಂಟು ವರ್ಷ. ಎಂಟು ವರ್ಷವೂ ಶ್ರಾದ್ಧದ ಅಡುಗೆ ನನ್ನದೇ. ನಮ್ಮವರು ಒಬ್ಬನೇ ಮಗ, ಕರ್ಮ ಮಾಡುವವರು ಅವರು, ಅಡುಗೆ ಮಾಡಬೇಕಾದವಳು ಅವರ ಹೆಂಡತಿ. ಆ ದಿನ ಪುರೋಹಿತರು, ಊಟಕ್ಕೆ ಕೂರುವ ಇಬ್ಬರು ಬ್ರಾಹ್ಮಣರು, ಆಮೇಲೆ ಊಟಕ್ಕೆ ಇಪ್ಪತ್ತು ಜನ ನೆಂಟರು. ಅತ್ತೆಗೆ ಅದು ವರ್ಷದ ಅತಿ ದೊಡ್ಡ ದಿನ. ಯಾವ ಹಬ್ಬವೂ ಅದರ ಮುಂದಲ್ಲ. ವಾರ ಮೊದಲೇ ಎಳ್ಳು ಆರಿಸಿ, ಒಣಗಿಸಿ, ಡಬ್ಬಿಗೆ ತುಂಬಿರುತ್ತಾರೆ.

ಆ ಬೆಳಿಗ್ಗೆ ಐದಕ್ಕೆ ಎದ್ದು, ತಲೆಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು ಒಲೆ ಹಚ್ಚಿದೆ. ಬೇಳೆ ಬೇಯಲು ಇಟ್ಟೆ, ಉದ್ದು ರುಬ್ಬಿದೆ. ಅತ್ತೆ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಬಾಳೆಕಾಯಿ ಹೆಚ್ಚುತ್ತಿದ್ದರು. ಕಿಬ್ಬೊಟ್ಟೆ ಹಿಡಿದುಕೊಂಡಂತೆ ಆಗುತ್ತಿತ್ತು, ಖಾಲಿ ಹೊಟ್ಟೆಯ ನೋವೆಂದುಕೊಂಡೆ. ಆರೂವರೆಗೆ ಬಚ್ಚಲಿಗೆ ಹೋದೆ.

ಕೆಂಪಗಿತ್ತು. ಚುಕ್ಕೆಯಲ್ಲ, ಕಲೆಯಲ್ಲ. ಎರಡು ಸಲ ನೋಡಿದೆ. ಮಾತ್ರೆ ನಿಲ್ಲಿಸಿ ಎಷ್ಟು ದಿನವಾಯಿತೆಂದು ಬೆರಳೆಣಿಸಿದೆ. ಆ ಮಾತ್ರೆಯ ಮುಟ್ಟು ಬಂದು ಹೋಗಿ ತಿಂಗಳ ಮೇಲಾಗಿತ್ತು. ಇದು ಅದಲ್ಲ. ಇದನ್ನು ಯಾರೂ ತರಿಸಲಿಲ್ಲ. ಗೋಡೆಗೆ ಒರಗಿ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಲೇ ನಕ್ಕೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ಒಲೆಯ ಮೇಲಿನ ಬೇಳೆ ನೆನಪಾಯಿತು.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಿಕ್ಕವರನ್ನಾದರೆ "ಡೇಟು ಯಾವಾಗ?" ಎಂದು ಕೇಳುತ್ತಾರೆ, ನನ್ನನ್ನು ಯಾರೂ ಯಾವತ್ತೂ ಕೇಳಿದ್ದಿಲ್ಲ. ನನಗಂತೂ ಮೈಲಿಗೆಯಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ಸುಮ್ಮನೆ ಹೋಗಿ ಸೌಟು ಹಿಡಿದರೆ ಬೇಳೆ ಬೇಯುವುದನ್ನು ನಿಲ್ಲಿಸುವುದಿಲ್ಲ. ಹೇಳಿದರೆ ಮಾಡಿದ್ದೆಲ್ಲ ದಂಡ, ಬರುವವರೆಲ್ಲ ವಾಪಸ್ಸು, ಅತ್ತೆಯ ದಿನ ಹಾಳು. ವರ್ಷವಿಡೀ ಅವರು ಕಾಯುವುದು ಈ ಒಂದು ದಿನಕ್ಕೆ. ಹತ್ತು ನಿಮಿಷ ಬಚ್ಚಲಿನಲ್ಲಿ ನಿಂತು ಈ ಲೆಕ್ಕ ಹಾಕಿದೆ.

ಆದರೆ ಮುಚ್ಚಿಟ್ಟರೆ ಅದು ಬಂದೂ ಬಾರದ ಹಾಗೆಯೇ. ಐದು ತಿಂಗಳು ಅನ್ನ ಬಿಟ್ಟು ಬರಿಸಿಕೊಂಡದ್ದನ್ನು ಕಳ್ಳತನದಂತೆ ಬಚ್ಚಿಟ್ಟುಕೊಂಡು, ಮತ್ತೆ ಯಾವಾಗಲೂ ಇರುವವಳಾಗಿ ಹೋಗಿ ನಿಲ್ಲುವುದು ನನ್ನಿಂದ ಆಗಲಿಲ್ಲ. ಯಾರಾದರೂ ತಿಳಿದುಕೊಳ್ಳಲಿ ಎಂದು ಜೀವ ಬಡಿದುಕೊಳ್ಳುತ್ತಿತ್ತು. ಬಟ್ಟೆ ಬದಲಾಯಿಸಿ, ಅಡುಗೆಮನೆಯ ಹೊಸಿಲಿನ ಈಚೆ ನಿಂತೆ.

"ಅತ್ತೆ, ನಾನು ಹೊರಗಾದೆ."

ಅವರ ಕೈಯಲ್ಲಿದ್ದ ಬಾಳೆಕಾಯಿ ಹಾಗೇ ನಿಂತಿತು.

"ಮಾತ್ರೆ ತಗೊಂಡಿದ್ಯಾ?"

"ಇಲ್ಲ."

"ತಾನಾಗೇ?"

"ತಾನಾಗೇ."

ಅವರು ಬಾಳೆಕಾಯಿಯನ್ನು ತಟ್ಟೆಯಲ್ಲಿಟ್ಟರು. ಸ್ಟೂಲಿನಿಂದ ನಿಧಾನವಾಗಿ ಎದ್ದು, ಗೋಡೆ ಹಿಡಿದುಕೊಂಡು ಹ್ಯಾಗೋ ಒಲೆಯವರೆಗೆ ಹೋಗಿ ಗ್ಯಾಸ್ ಆರಿಸಿದರು. ಆಮೇಲೆ ಫೋನ್ ತೆಗೆದುಕೊಂಡು ಪುರೋಹಿತರಿಗೆ ಮಾಡಿದರು. ಅತ್ತೆಗೆ ಸ್ವಲ್ಪ ಕಿವಿ ಮಂದ, ಫೋನಿನಲ್ಲಿ ಗಟ್ಟಿಯಾಗಿಯೇ ಮಾತು.

"ನಮ್ಮ ಸೊಸೆ ಹೊರಗಾಗಿದಾಳೆ. ಹೌದು, ಈಗ್ಲೇ. ಐದನೇ ದಿನಕ್ಕೆ ಇಟ್ಕೊಳ್ಳೋಣ ಅಂತೀರಾ? ಆಗ್ಲಿ. ಅವತ್ತು ಬನ್ನಿ."

ಪಂಚೆ ಉಟ್ಟು ಹೊರಬಂದ ನಮ್ಮವರು ತಬ್ಬಿಬ್ಬಾಗಿ ನಿಂತಿದ್ದರು. "ಅಮ್ಮ, ಎಲ್ಲರಿಗೂ ಹೇಳಿಯಾಗಿದೆ. ಅಪ್ಪನ ತಿಥಿ ಇವತ್ತು. ಅಡುಗೆಯವರನ್ನ ಯಾರನ್ನಾದ್ರೂ ಕರೆಸಿದ್ರೆ..."

"ಐದು ದಿನ ಕಾಯ್ತಾರೆ ಬಿಡು. ಬದುಕಿದ್ದಾಗ್ಲೂ ಊಟಕ್ಕೆ ಕಾದು ಅಭ್ಯಾಸ ಅವರಿಗೆ."

ಆಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿದರು. ತಂಗಿಗೆ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದರು. "ಹೂಂ ಕಣೇ, ತಾನಾಗೇ. ಮಾತ್ರೆ ಇಲ್ದೆ. ಇವತ್ತೇ." ಅಕ್ಕಪಕ್ಕದ ಮನೆಯವರಿಗೂ ಕೇಳಿಸಿರಬೇಕು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಹಾಲಿನಲ್ಲಿ ಕಿಟಕಿಯ ಪಕ್ಕ ನನ್ನ ಚಾಪೆ ಹಾಕಿಕೊಂಡು ಕೂತೆ. ಅತ್ತೆ ಬಂದು, ಎರಡು ಮಾರು ದೂರದ ಕುರ್ಚಿಯಲ್ಲಿ ಕೂತರು. ಎರಡೂ ಮಂಡಿ ತಿಕ್ಕಿಕೊಂಡರು.

"ನಿಂಗೊಂದು ಹೇಳ್ಬೇಕು," ಎಂದರು. "ಡಿಸೆಂಬರಲ್ಲಿ ಆ ಟೆಸ್ಟು ಮಾಡಿಸ್ದಾಗ, ಹತ್ತು ದಿನ ದೇವರ ಮುಂದೆ ಕೂತಿದ್ದೆ. ಏನು ಕೇಳ್ಕೋಬೇಕು ಅಂತ ಬಾಯೇ ಬರ್ಲಿಲ್ಲ. ಯಾಕಂದ್ರೆ ಅಷ್ಟು ವರ್ಷ ಹಬ್ಬ ಬಂದಾಗೆಲ್ಲ ನಾನೇ ಕೇಳ್ಕೊಂಡಿದ್ದೆ. ಇವಳಿಗೆ ಬರ್ದೇ ಇರ್ಲಿ, ಇವಳಿಗೊಬ್ಬಳಿಗೆ ಬರ್ದೇ ಇರ್ಲಿ ಅಂತ. ನೀನು ಡಾಕ್ಟ್ರ ಹತ್ರ ಕೂತಿದ್ದಾಗ, ನಂದೇ ಶಾಪ ತಗುಲ್ತು ಅನ್ಕೊಂಡೆ."

ಸಿಟ್ಟು ಬಂತು. ಬರಲಿಲ್ಲ ಎಂದರೆ ಸುಳ್ಳು. ನನ್ನ ಕಾಯಿಲೆಗೆ ಈ ಮನೆಯಲ್ಲಿ ಹರಕೆ ಹೊತ್ತುಕೊಂಡವರು ಇದ್ದರಲ್ಲ ಎನಿಸಿತು. ಬಾಯಿಗೆ ಬಂದ ಮಾತನ್ನು ಆಡಲು ಹೋದೆ. ಆಡಲು ಹೋದಾಗ ನೆನಪಾಯಿತು, ಅವರ ಪಕ್ಕದಲ್ಲೇ, ಅದೇ ದೇವರ ಮುಂದೆ, ಕೈಮುಗಿದು ನಿಂತಿದ್ದವಳು ನಾನು. ವರಮಹಾಲಕ್ಷ್ಮಿಗೆ ಮಂಗಳಾರತಿ ಎತ್ತುವಾಗ ಪ್ರತಿ ವರ್ಷವೂ ನಾನು ಏನು ಕೇಳಿಕೊಳ್ಳುತ್ತಿದ್ದೆ ಎನ್ನುವುದು ನನಗೆ ಗೊತ್ತು.

"ನಾನೂ ಅದನ್ನೇ ಕೇಳ್ಕೊಳ್ತಿದ್ದೆ ಅತ್ತೆ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಮುಟ್ಟಾದವಳ ನೆರಳೂ ಮಡಿಸೀರೆಗೆ ತಾಗಬಾರದೆಂದು ಬದುಕಿದವರು ಅವರು. ಕುರ್ಚಿಯ ಕೈ ಒತ್ತಿ ಹಿಡಿದು ಎದ್ದರು. ಎರಡು ಮಾರು ನಡೆದು ಬಂದು, ಬಗ್ಗಲಾಗದೆ ಬಗ್ಗಿ, ನನ್ನ ತಲೆಯನ್ನು ತಮ್ಮ ತೊಡೆಗೆ ಒತ್ತಿಕೊಂಡು ನಿಂತರು. ಅವರ ಮಡಿಸೀರೆ ನನ್ನ ಕಣ್ಣೀರಿನಿಂದ ಒದ್ದೆಯಾಯಿತು. ಆಮೇಲೆ ಇನ್ನೊಂದು ಸ್ನಾನಕ್ಕೆ ನೀರು ಬಿಟ್ಟುಕೊಳ್ಳಲು ಹೋದರು.